ಕ್ರೇಪ್ ಮಿರ್ಟಲ್ ಹೂ ಬಿಡುತ್ತಿಲ್ಲವೇ? ಗುರುತಿಸುವುದರಿಂದ ಸವರುವವರೆಗೆ ಹಂತ ಹಂತದ ಮಾರ್ಗದರ್ಶಿ

"ಗಿಡ ಆಳೆತ್ತರ ಬೆಳೆದಿದೆ, ಎಲೆ ಹಸಿರಾಗಿದೆ, ಹೂ ಮಾತ್ರ ಇಲ್ಲ." ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಕ್ರೇಪ್ ಮಿರ್ಟಲ್ ಎಂಬ ಅಲಂಕಾರದ ಹೂಗಿಡ ನೆಟ್ಟವರಿಂದ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಎರಡನೆಯದು, "ಸಂಕ್ರಾಂತಿ ಹೊತ್ತಿಗೆ ಒಣಗಿಹೋಯಿತು, ಕಿತ್ತು ಎಸೆದೆವು." ಮೂರನೆಯದು ಚಿತ್ರದುರ್ಗದ ಕಡೆಯಿಂದ ಬರುತ್ತದೆ: "ಆಷಾಢದ ಗಾಳಿಗೆ ಬುಡವೇ ಸಡಿಲವಾಯಿತು."

ಈ ಮೂರರಲ್ಲೂ ಗಿಡದ ತಪ್ಪಿಲ್ಲ. ಕೆಲಸಗಳು ಹಿಂದುಮುಂದಾಗಿರುತ್ತವೆ. ಜಾಗ ನೋಡುವ ಮೊದಲೇ ಸಸಿ ತಂದಿರುತ್ತಾರೆ, ಮಣ್ಣು ನೋಡುವ ಮೊದಲೇ ಗುಂಡಿ ಮುಚ್ಚಿರುತ್ತಾರೆ, ಹೂ ಎಲ್ಲಿ ಬರುತ್ತದೆ ಎಂದು ತಿಳಿಯುವ ಮೊದಲೇ ಕತ್ತರಿ ಆಡಿಸಿರುತ್ತಾರೆ. ಈ ಗಿಡದ ಸ್ವಭಾವ ಒಂದೇ ಮಾತಿನಲ್ಲಿ ಹೇಳಬಹುದು: ಅದು ಆ ವರ್ಷ ಹೊರಟ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ, ಅದೂ ಆ ಚಿಗುರಿಗೆ ನೇರ ಬಿಸಿಲು ಬಿದ್ದರೆ. ಮುಂದಿನ ಹಂತಗಳೆಲ್ಲ ಈ ಮಾತಿನ ಮೇಲೆಯೇ ನಿಂತಿವೆ. ಅನುಕ್ರಮ ತಪ್ಪಿಸಬೇಡಿ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಹಾರೆ, ಗುದ್ದಲಿ, ಸಲಿಕೆ, ಮಣ್ಣು ಹೊರಲು ಒಂದು ಬಾಂಡ್ಲಿ. ನಾಲ್ಕೈದು ಅಡಿಯ ಎರಡು ಬಿದಿರು ಗೂಟ, ಕಟ್ಟಲು ಹಳೆಯ ಹತ್ತಿ ಸೀರೆಯ ಪಟ್ಟಿ. ಪ್ಲಾಸ್ಟಿಕ್ ದಾರ ಅಥವಾ ತಂತಿ ಬೇಡ, ಎಳೆಯ ತೊಗಟೆಯನ್ನು ಅದು ಕೊರೆದುಬಿಡುತ್ತದೆ. ಸವರಲು ಹರಿತವಾದ ಗಿಡದ ಕತ್ತರಿ, ಹೆಬ್ಬೆರಳಿಗಿಂತ ದಪ್ಪನೆಯ ಒಣಕೊಂಬೆಗೆ ಚಿಕ್ಕ ಗರಗಸ.

ಎರಡು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ, ಬುಡಕ್ಕೆ ಹೊದಿಸಲು ಒಣ ಹೊದಿಕೆ ಬೇಕು. ಹೊದಿಕೆಗೆ ದುಡ್ಡು ಕೊಡಬೇಕಾಗಿಲ್ಲ. ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆ, ಚನ್ನಗಿರಿ ಕಡೆಯವರಿಗೆ ಅಡಿಕೆ ಸಿಪ್ಪೆ, ದಾವಣಗೆರೆ ಸುತ್ತಲಿನವರಿಗೆ ಭತ್ತದ ಹೊಟ್ಟು ಅಥವಾ ಕತ್ತರಿಸಿದ ಮೆಕ್ಕೆಜೋಳದ ದಂಟು ಕೈಗೆಟುಕುವಷ್ಟರಲ್ಲೇ ಇರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮಂಡಕ್ಕಿ ಭಟ್ಟಿಯ ಬೂದಿ ಪುಕ್ಕಟೆ ಸಿಗುತ್ತದೆಂದು ತಂದು ಈ ಗಿಡದ ಬುಡಕ್ಕೆ ಸುರಿಯಬೇಡಿ. ಬೂದಿ ಮಣ್ಣನ್ನು ಕ್ಷಾರ ಮಾಡುತ್ತದೆ. ಕ್ರೇಪ್ ಮಿರ್ಟಲ್‌ಗೆ ತುಸು ಹುಳಿ ಮಣ್ಣು ಇಷ್ಟ, ರಸಸಾರ (pH) 5ರಿಂದ 6.5ರ ನಡುವೆ ಇದ್ದರೆ ಉತ್ತಮ. ನಮ್ಮ ಕಪ್ಪು ನೆಲ ಮೊದಲೇ ಕ್ಷಾರದ ಕಡೆಗೆ ವಾಲಿರುತ್ತದೆ, ಅದಕ್ಕೆ ಬೂದಿಯನ್ನೂ ಸೇರಿಸಿದರೆ ಎಲೆ ಹಳದಿಯಾಗುವುದು ಖಚಿತ.

ಹಂತ 1: ಇದು ಕ್ರೇಪ್ ಮಿರ್ಟಲ್ ಹೌದೇ ಎಂದು ಖಾತ್ರಿ ಮಾಡಿಕೊಳ್ಳಿ

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲಾಗರ್‌ಸ್ಟ್ರೋಮಿಯಾ ಇಂಡಿಕಾ. ನರ್ಸರಿಗಳಲ್ಲಿ ಬರೀ 'ಲಾಗರ್‌ಸ್ಟ್ರೋಮಿಯಾ' ಎಂದು ಕೇಳಿದರೆ ಹೊಳೆದಾಸವಾಳದ ಸಸಿಯನ್ನೂ ಕೊಡಬಹುದು, ಏಕೆಂದರೆ ಅದೂ ಲಾಗರ್‌ಸ್ಟ್ರೋಮಿಯಾ, ಆದರೆ ಬೇರೆ ಪ್ರಭೇದ. ಕ್ರೇಪ್ ಮಿರ್ಟಲ್ ಆರೆಂಟು ಅಡಿಯ ಪೊದೆಯಾಗಿಯೋ ಹದಿನೈದು ಇಪ್ಪತ್ತು ಅಡಿಯ ಪುಟ್ಟ ಮರವಾಗಿಯೋ ನಿಲ್ಲುತ್ತದೆ. ಹೊಳೆದಾಸವಾಳ ದೊಡ್ಡ ಮರ. ಮೂವತ್ತು-ನಲವತ್ತರ ನಿವೇಶನದ ಮುಂದೆ ಹೊಳೆದಾಸವಾಳ ನೆಟ್ಟು, ಹತ್ತು ವರ್ಷದ ನಂತರ ವಿದ್ಯುತ್ ತಂತಿಗೆ ತಗಲುತ್ತದೆಂದು ಕಡಿಸಿದವರನ್ನು ನೋಡಿದ್ದೇನೆ. ಒಳ್ಳೆಯ ಮರವೊಂದು ಹಾಗೆ ಹೋದದ್ದು ಈಗಲೂ ಬೇಸರ ತರಿಸುತ್ತದೆ.

ಗುರುತಿಸುವುದನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಆರಂಭಿಸಿ. ಎಳೆಯ ಟೊಂಗೆಯ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಹೊರಳಿಸಿ. ಅದು ಗುಂಡಗೆ ಉರುಳುವುದಿಲ್ಲ, ನಾಲ್ಕು ಮೂಲೆ ಬೆರಳಿಗೆ ತಾಕುತ್ತವೆ. ಕೆಲವು ಟೊಂಗೆಗಳಲ್ಲಿ ಆ ಮೂಲೆಗಳ ಮೇಲೆ ತೆಳ್ಳನೆಯ ಏಣೂ ಇರುತ್ತದೆ. ಎಲೆಗಳು ಎದುರುಬದುರಾಗಿ, ಕೆಲವೊಮ್ಮೆ ತುಸು ಹಿಂದುಮುಂದಾಗಿ ಹುಟ್ಟುತ್ತವೆ. ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಎಲೆಯ ಉದ್ದ ಎರಡೂವರೆಯಿಂದ ಏಳು ಸೆಂಟಿಮೀಟರ್, ಅಂದರೆ ಬೆರಳಿಗಿಂತ ಚಿಕ್ಕದು. ಹೊಳೆದಾಸವಾಳದ ಎಲೆಯಾದರೋ ಅಂಗೈಯನ್ನೂ ದಾಟುತ್ತದೆ.

ಹೂವಿದ್ದರೆ ಅನುಮಾನವೇ ಉಳಿಯುವುದಿಲ್ಲ. ಬಟಾಣಿ ಗಾತ್ರದ ಹಸಿರು ಮೊಗ್ಗು ಆರು ಸೀಳಾಗಿ ಬಿರಿಯುತ್ತದೆ. ಒಳಗಿನಿಂದ ಮುದುಡಿಟ್ಟ ಕರವಸ್ತ್ರದಂಥ ಎಸಳುಗಳು ಒಂದೊಂದಾಗಿ ಹೊರಬರುತ್ತವೆ. ಪ್ರತಿ ಎಸಳಿಗೂ ನೂಲಿನಷ್ಟು ಸಣ್ಣ ಕಾಲು, ಅದರ ತುದಿಯಲ್ಲಿ ಸುಕ್ಕುಸುಕ್ಕಾದ ಹಾಳೆ, ಅಂಚಿನಲ್ಲಿ ನೆರಿಗೆ. ನಡುವೆ ಹಳದಿ ಕೇಸರಗಳ ಗುಂಪು, ಅವುಗಳ ಸುತ್ತ ಉಳಿದವಕ್ಕಿಂತ ಉದ್ದವಾಗಿ ಬಾಗಿದ ಆರು ಕೇಸರ. ಇಂಥ ಹೂಗಳು ರೆಂಬೆಯ ತುದಿಯಲ್ಲಿ ಗೊಂಚಲಾಗಿ ನಿಲ್ಲುತ್ತವೆ. ಬಣ್ಣ ಬಿಳಿ, ತಿಳಿಗುಲಾಬಿ, ಕಡುಗುಲಾಬಿ ಅಥವಾ ನೇರಳೆ. ಹೊಳೆದಾಸವಾಳದ ಹೂ ಇದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಅಗಲ. ಅದರ ಮೊಗ್ಗಿನ ಮೈಮೇಲೆ ಉದ್ದುದ್ದ ಗೀರು, ತುಕ್ಕಿನ ಬಣ್ಣದ ನವಿರು ರೋಮ ಇರುತ್ತದೆ. ಕ್ರೇಪ್ ಮಿರ್ಟಲ್ ಮೊಗ್ಗು ನುಣುಪು.

ಇದನ್ನು ಹೋಲುವ ಮೂರು ಗಿಡಗಳು ಕಣ್ಣಿಗೆ ಮೋಸ ಮಾಡುತ್ತವೆ. ಸೀಬೆಯದೂ ಎಳೆ ಟೊಂಗೆ ನಾಲ್ಕು ಮೂಲೆಯದು, ತೊಗಟೆಯೂ ಹಾಳೆಹಾಳೆಯಾಗಿ ಸುಲಿಯುತ್ತದೆ. ಒಂದು ಎಲೆಯನ್ನು ಉಜ್ಜಿ ಮೂಸಿ ನೋಡಿ: ಸೀಬೆ ಎಲೆಗೆ ವಾಸನೆಯಿದೆ, ಅದರ ಅಡ್ಡ ನರಗಳೂ ಎದ್ದು ಕಾಣುತ್ತವೆ. ದಾಳಿಂಬೆ ಮತ್ತು ಗೋರಂಟಿ ಕ್ರೇಪ್ ಮಿರ್ಟಲ್‌ನ ಕುಟುಂಬದವೇ, ಹಾಗಾಗಿ ಹೋಲಿಕೆ ಸಹಜ. ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟದವರು ಇದರ ಹೂವಿನ ಸುಕ್ಕು ನೋಡಿದೊಡನೆ "ನಮ್ಮ ದಾಳಿಂಬೆಯದೇ ಎಸಳು" ಎನ್ನುತ್ತಾರೆ, ಅವರ ಮಾತಿನಲ್ಲಿ ಹುರುಳಿದೆ. ದಾಳಿಂಬೆಯ ರೆಂಬೆಯ ತುದಿ ಮುಳ್ಳಾಗುತ್ತದೆ, ಕ್ರೇಪ್ ಮಿರ್ಟಲ್‌ಗೆ ಮುಳ್ಳಿಲ್ಲ. ಗೋರಂಟಿಯ ಹೂ ಕಿರಿದು, ನಾಲ್ಕೇ ಎಸಳು, ಘಮ ದೂರಕ್ಕೂ ಬರುತ್ತದೆ. ಕ್ರೇಪ್ ಮಿರ್ಟಲ್ ಹೂವಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ.

ಬಲಿತ ಮರವಾದರೆ ಕಾಂಡ ನೋಡಿ. ಬೂದು ತೊಗಟೆ ಸುಲಿದು ಬಿದ್ದಲ್ಲಿ ಕಂದು, ತಿಳಿಹಳದಿ ಮಚ್ಚೆಗಳು ಉಳಿದು, ಕೈಯಾಡಿಸಿದರೆ ಹೊಳಪು ಕೊಟ್ಟ ಮರದಂತೆ ನುಣ್ಣಗಿರುತ್ತದೆ. ಕಾಯಿ ಒಂದು ಸೆಂಟಿಮೀಟರಿನಷ್ಟು, ಒಣಗಿದಾಗ ಆರು ಹೋಳಾಗಿ ಬಾಯಿ ಬಿಡುತ್ತದೆ, ಒಳಗೆ ರೆಕ್ಕೆಯಿರುವ ಬೀಜ. ತೊಗಟೆ ಸುಲಿಯುವುದು ರೋಗವೆಂದು ತಿಳಿದು ಸುಣ್ಣ ಬಳಿಯುವವರಿದ್ದಾರೆ. ಬೇಡ. ಅದು ಅದರ ಸಹಜ ಗುಣ, ಅದರ ಅಂದ ಕೂಡ.

ಹಂತ 2: ಸಸಿ ಆರಿಸುವುದು

ಹೂ ಬಿಟ್ಟಿರುವಾಗಲೇ ಕೊಳ್ಳಿ. ಬೀಜದಿಂದ ಎದ್ದ ಸಸಿ ತಾಯಿಯ ಬಣ್ಣವನ್ನೇ ಕೊಡುತ್ತದೆಂಬ ಭರವಸೆಯಿಲ್ಲ, ಆದ್ದರಿಂದ ಬಾಯಿಮಾತಿನ ಬಣ್ಣವನ್ನು ನಂಬಿ ತಂದರೆ ನಿರಾಸೆಯಾಗಬಹುದು. ಗಿಡ್ಡ ತಳಿಯೋ ಎತ್ತರದ ತಳಿಯೋ ಎಂದು ಕೇಳಿ ತಿಳಿಯಿರಿ. ಗಿಡ್ಡ ತಳಿ ಕುಂಡಕ್ಕೂ ಆಗುತ್ತದೆ, ಎತ್ತರದ್ದು ನೆಲಕ್ಕೇ ಸರಿ.

ಹೂವಿಗೆ ಮರುಳಾಗುವ ಮೊದಲು ಚೀಲದ ಬುಡ ನೋಡಿ. ತಳದ ತೂತುಗಳಿಂದ ದಪ್ಪ ಬೇರು ಹೊರಬಂದು ನೆಲ ಹೊಕ್ಕಿದ್ದರೆ ಆ ಸಸಿ ಬಹುಕಾಲ ಚೀಲದಲ್ಲೇ ಇತ್ತೆಂದು ಅರ್ಥ. ಕಾಂಡವನ್ನು ಮೆಲ್ಲಗೆ ಅಲುಗಾಡಿಸಿ. ಮಣ್ಣಿನ ಉಂಡೆಯೂ ಜೊತೆಗೆ ಅಲುಗಿದರೆ ಬೇರು ಹಿಡಿದಿದೆ, ಕಾಂಡವಷ್ಟೇ ಅಲುಗಿದರೆ ಬಿಟ್ಟುಬಿಡಿ. ಎರಡರಿಂದ ಮೂರು ಅಡಿಯ, ಬುಡದಿಂದಲೇ ಮೂರು ನಾಲ್ಕು ಕವಲಿರುವ ಸಸಿ ನಮ್ಮ ಗಾಳಿಗೆ ಒಳ್ಳೆಯದು. ಆರಡಿಯ ಒಂಟಿಕಾಲಿನ ಸಸಿಗೆ ಬೆಲೆಯೂ ಹೆಚ್ಚು, ನೆಟ್ಟ ಮೇಲೆ ನಿಲ್ಲುವುದೂ ಕಷ್ಟ.

ಹಂತ 3: ಜಾಗ ಗೊತ್ತುಮಾಡುವುದು

ಹೂ ಬರದಿರುವುದಕ್ಕೆ ಮೊದಲ ಕಾರಣ ನೆರಳು. ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೇಕು, ಎಂಟಾದರೆ ಇನ್ನೂ ಒಳ್ಳೆಯದು. ಬೇವಿನ ಮರದ ಕೆಳಗಿನ ಜಾಲರಿ ಬೆಳಕು ಸಾಲದು, ಮೇಲ್ಮಹಡಿಯಿಂದ ಚಾಚಿದ ಸಜ್ಜಾ ಕೆಳಗಿನ ನೆರಳೂ ಸಲ್ಲದು.

ಇದನ್ನು ಊಹೆಗೆ ಬಿಡಬೇಡಿ. ಒಂದು ರಜೆಯ ದಿನ, ನೀವು ಗುರುತಿಸಿದ ಜಾಗದಲ್ಲಿ ಒಂದು ಕಲ್ಲಿಟ್ಟು ಬೆಳಿಗ್ಗೆ ಏಳರಿಂದ ಗಂಟೆಗೊಮ್ಮೆ ನೋಡಿ, ಬಿಸಿಲಿದ್ದರೆ ಬರೆದುಕೊಳ್ಳಿ. ನಮ್ಮ ಬೀದಿಯಲ್ಲಿ ಎದುರು ಮನೆಯ ಅಕ್ಕ ಹೀಗೆ ಬರೆದು ತಂದು ತೋರಿಸಿದಾಗ ಬಿಸಿಲು ಬರೀ ಮೂರೂವರೆ ತಾಸು ಇತ್ತು. "ಅಷ್ಟು ಬೆಳಕಾಗಿ ಕಾಣುತ್ತದಲ್ಲ ಅಣ್ಣಾ" ಎಂದು ಅವರು ಹೇಳಿದ್ದು ಸಹಜವೇ. ಬೆಳಕು ಬೇರೆ, ಬಿಸಿಲು ಬೇರೆ. ಗಿಡವನ್ನು ಗೇಟಿನ ಇನ್ನೊಂದು ಬದಿಗೆ, ಹತ್ತು ಹೆಜ್ಜೆ ಆಚೆಗೆ ಸರಿಸಿದ ಮರುವರ್ಷ ಹೂ ಬಂತು. ಗೊಬ್ಬರ ಬದಲಿಸಿರಲಿಲ್ಲ, ನೀರು ಬದಲಿಸಿರಲಿಲ್ಲ.

ಎತ್ತರದ ತಳಿಯನ್ನು ಗೋಡೆಯಿಂದ ಎಂಟು ಹತ್ತು ಅಡಿ, ಗಿಡ್ಡ ತಳಿಯನ್ನು ಮೂರು ನಾಲ್ಕು ಅಡಿ ದೂರ ನೆಡಿ. ಮೇಲೆ ತಂತಿ ಹಾದುಹೋಗಿದೆಯೇ ನೋಡಿ. ಗಾಳಿಯಾಡುವ ಜಾಗವಿರಲಿ, ಎರಡು ಗೋಡೆ ಕೂಡುವ ಮೂಲೆಯಲ್ಲಿ ನೆಟ್ಟ ಗಿಡಕ್ಕೆ ಬೂದಿ ರೋಗ (ಎಲೆಯ ಮೇಲೆ ಬಿಳಿ ಹಿಟ್ಟಿನಂತೆ ಹರಡುವ ರೋಗ) ಬೇಗ ತಗಲುತ್ತದೆ. ಗೇಟಿನ ಹೊರಗಾದರೆ ಆಡು, ಕುರಿ, ದನಗಳಿಂದ ಕಾಯಲು ಮೊದಲೆರಡು ವರ್ಷ ಮುಳ್ಳಿನ ಅಥವಾ ಜಾಲರಿಯ ಬೇಲಿ ಬೇಕೇಬೇಕು.

ಹಂತ 4: ಮಣ್ಣು ನೋಡಿ ಗುಂಡಿ ತೆಗೆಯುವುದು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಕಪ್ಪು ನೆಲವೂ ಇದೆ, ಕೆಂಪು ನೆಲವೂ ಇದೆ. ಎರಡಕ್ಕೂ ಒಂದೇ ಗುಂಡಿ ಹೊಂದುವುದಿಲ್ಲ.

ಮೊದಲು ಒಂದು ಹಿಡಿ ಒಣಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಜುಮ್ಮೆಂದು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣವಿದೆ. ಕಪ್ಪು ನೆಲದಲ್ಲಿ ಬಿಳಿ ಹರಳುಗಳು ಕಂಡರೂ ಅದೇ ಅರ್ಥ. ಖಚಿತ ಅಂಕಿ ಬೇಕಾದವರು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೋ, ಹಿರಿಯೂರು ಬಳಿಯ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನೋ ಮಣ್ಣು ಪರೀಕ್ಷೆಗಾಗಿ ವಿಚಾರಿಸಬಹುದು. ಹೊಸ ಬಡಾವಣೆಯವರಿಗೆ ಇದು ಇನ್ನೂ ಮುಖ್ಯ. ಮನೆ ಕಟ್ಟಿದಾಗ ಉಳಿದ ಸಿಮೆಂಟು, ಗಾರೆ, ಇಟ್ಟಿಗೆ ಚೂರನ್ನು ಅಂಗಳದಲ್ಲೇ ಹೂತು ಮೇಲೆ ಅರ್ಧ ಅಡಿ ಮಣ್ಣು ಹರಡಿರುತ್ತಾರೆ. ಹಾರೆ ಹಾಕಿದಾಗ ಗಾರೆ ಸಿಕ್ಕರೆ, ಅದು ಮುಗಿಯುವವರೆಗೆ ತೆಗೆದು ಹೊರಹಾಕಿ, ಹೊರಗಿನ ಕೆಂಪು ಮಣ್ಣು ತುಂಬಿ.

ಕೆಂಪು ನೆಲದಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆಯಿರಿ. ಮೇಲಿನ ಒಂದಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಅದರ ಎರಡು ಪಾಲಿಗೆ ಒಂದು ಪಾಲು ಕೊಟ್ಟಿಗೆ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ ಬೆರೆಸಿ. ಗೆದ್ದಲಿನ ಹಾವಳಿ ಈ ನೆಲದಲ್ಲೇ ಹೆಚ್ಚು. ಗುಂಡಿಯಲ್ಲಿ ಒಣಕಟ್ಟಿಗೆ, ಹಸಿ ಸಗಣಿ, ಅರೆಕಳಿತ ಗೊಬ್ಬರ ಇರಕೂಡದು.

ಕಪ್ಪು ನೆಲದಲ್ಲಿ ಬಹಳ ಜನ ಎಡವುವ ಜಾಗ ಇದು. ಆಳ ಗುಂಡಿ ತೆಗೆದು, ಮರಳು, ಗೊಬ್ಬರ ತುಂಬಿ, ನಡುವೆ ಸಸಿ ಇಡುತ್ತಾರೆ. ಸುತ್ತಲಿನ ಎರೆಮಣ್ಣು ನೀರು ಬಿಡುವುದಿಲ್ಲ, ಗುಂಡಿ ಬಟ್ಟಲಿನಂತೆ ನೀರು ಹಿಡಿದು ಕೂರುತ್ತದೆ, ಬೇರು ಕೊಳೆಯುತ್ತದೆ. ಗುಂಡಿಗೆ ಎರಡು ಬಕೆಟ್ ನೀರು ಸುರಿದು ನೋಡಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಗುಂಡಿಯ ಬದಲು ದಿಬ್ಬ ಮಾಡಿ: ಒಂದಡಿಯಷ್ಟೇ ಅಗೆದು ಸಡಿಲಿಸಿ, ಅದರ ಮೇಲೆ ಕೆಂಪು ಮಣ್ಣು, ಗೊಬ್ಬರ ಸೇರಿಸಿ ಒಂದಡಿ ಎತ್ತರ, ನಾಲ್ಕಡಿ ಅಗಲದ ದಿಬ್ಬ ಎಬ್ಬಿಸಿ, ಅದರ ನೆತ್ತಿಯಲ್ಲಿ ಸಸಿ ನೆಡಿ.

ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆದು ಹದಿನೈದು ದಿನ ಬಿಸಿಲಿಗೆ ಬಿಟ್ಟರೆ ಹುಳುಹುಪ್ಪಟೆ ಕಡಿಮೆಯಾಗುತ್ತದೆ.

ಹಂತ 5: ನೆಡುವುದು

ಮೃಗಶಿರ, ಆರಿದ್ರಾ ಮಳೆಗಳ ನಡುವೆ, ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದೊಳಗೆ ನೆಡುವುದು ಸರಿಯಾದ ಹೊತ್ತು. ಚಳ್ಳಕೆರೆ ಭಾಗದಲ್ಲಿ ಮುಂಗಾರು ಕೈಕೊಡುವುದು ಹೆಚ್ಚು, ಹಿಂಗಾರಿನ ಕಡೆಯೇ ಭರವಸೆ. ಅಲ್ಲಿನವರು ಉತ್ತರೆ, ಹಸ್ತ ಮಳೆಯವರೆಗೂ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೂ ಕಾಯಬಹುದು. ಏಪ್ರಿಲ್ ಮೇ ಬಿಸಿಲಿನಲ್ಲಿ ಮಾತ್ರ ನೆಡಬೇಡಿ.

ಸಂಜೆ ನಾಲ್ಕರ ನಂತರ ಕೆಲಸಕ್ಕೆ ಕೈಹಾಕಿ. ಚೀಲದ ಸಸಿಗೆ ಒಂದು ತಾಸು ಮೊದಲೇ ನೀರುಣಿಸಿ. ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ, ಕಾಂಡ ಹಿಡಿದು ಎಳೆಯಬೇಡಿ. ನರ್ಸರಿಯ ಕೆಂಪು ಜೇಡಿಯ ಉಂಡೆ ಇಟ್ಟಿಗೆಯಂತೆ ಗಟ್ಟಿಯಾಗಿದ್ದರೆ ಸುತ್ತಲೂ ಒಂದು ಬೆರಳ ದಪ್ಪದಷ್ಟು ಉದುರಿಸಿ. ಸುತ್ತಿಕೊಂಡ ಬೇರುಗಳನ್ನು ಬಿಡಿಸಿ, ಬಿಡದಿದ್ದುದನ್ನು ಕತ್ತರಿಸಿ. ಹಾಗೇ ಬಿಟ್ಟರೆ ಎರಡು ವರ್ಷದ ನಂತರವೂ ಬೇರು ಆ ಉಂಡೆಯೊಳಗೇ ಸುತ್ತುತ್ತಿರುತ್ತದೆ. ಆಷಾಢದ ಗಾಳಿಗೆ ಬುಡ ಸಡಿಲವಾಗುವುದು ಇದರಿಂದಲೇ.

ಬೇರು ಮತ್ತು ಕಾಂಡ ಕೂಡುವ ಜಾಗ ನೆಲದ ಮಟ್ಟಕ್ಕೇ ಇರಲಿ. ಆಳವಾಗಿ ಹೂತರೆ ಗಟ್ಟಿ ನಿಲ್ಲುತ್ತದೆ ಎಂಬುದು ತಪ್ಪು ನಂಬಿಕೆ, ಕಾಂಡ ಕೊಳೆಯಲು ಅದೇ ದಾರಿ. ಮಣ್ಣು ತುಂಬಿ ಕೈಯಿಂದ ಒತ್ತಿ, ಕಾಲಿನಿಂದ ತುಳಿಯಬೇಡಿ. ಎರಡು ಗೂಟಗಳನ್ನು ಉಂಡೆಯ ಹೊರಗೆ ಎರಡು ಬದಿಗೆ ನೆಟ್ಟು, ಸೀರೆ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದಲ್ಲಿ ಗೂಟವಿಲ್ಲದೆ ನೆಡುವುದೆಂದರೆ ಸಸಿಯನ್ನು ಕೈಯಾರೆ ಕಳೆದುಕೊಂಡಂತೆ. ಒಂದು ವರ್ಷದ ನಂತರ ಗೂಟ ತೆಗೆಯಿರಿ.

ಕೊನೆಗೆ ಒಂದು ಬಕೆಟ್ ನೀರು, ಎರಡು ಮೂರು ಅಂಗುಲ ಹೊದಿಕೆ. ಹೊದಿಕೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಗೆದ್ದಲು ನೇರ ಕಾಂಡಕ್ಕೆ ಏರುತ್ತದೆ. ನೆಟ್ಟ ವಾರದಲ್ಲಿ ಇದ್ದ ಹೂ ಮೊಗ್ಗುಗಳನ್ನೆಲ್ಲ ಚಿವುಟಿ. ಮನಸ್ಸು ಒಪ್ಪುವುದಿಲ್ಲ, ಆದರೂ ಚಿವುಟಿ. ಆ ಶಕ್ತಿ ಬೇರಿಗೆ ಹೋಗಲಿ.

ಹಂತ 6: ಮೊದಲ ವರ್ಷದ ನೀರು

ಮಳೆ ಬಾರದಿದ್ದರೆ ಮೊದಲ ಮೂರು ವಾರ ದಿನ ಬಿಟ್ಟು ದಿನ ಒಂದು ಬಕೆಟ್. ಆಮೇಲೆ ಮೂರು ತಿಂಗಳು ವಾರಕ್ಕೆರಡು ಸಲ. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಹದಿನೈದು ಇಪ್ಪತ್ತು ಲೀಟರ್. ಎರಡು ವರ್ಷ ತುಂಬಿದ ಗಿಡ ಬರ ತಡೆಯುತ್ತದೆ, ಹತ್ತು ದಿನಕ್ಕೊಮ್ಮೆ ಚೆನ್ನಾಗಿ ನೆನೆಯುವಷ್ಟು ಕೊಟ್ಟರೆ ಹೂವಿಗೆ ಸಾಕು. ದಿನಾಲೂ ಒಂದು ಚೊಂಬು ಹಾಕುವ ಅಭ್ಯಾಸ ಬಿಡಿ, ಅದರಿಂದ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ.

ಮಧ್ಯಾಹ್ನ ಎಲೆ ಜೋತು ಬಿದ್ದು ಸಂಜೆ ಎದ್ದರೆ ಚಿಂತೆಯಿಲ್ಲ. ಬೆಳಗ್ಗೆಯೂ ಜೋತಿದ್ದರೆ ಬೆರಳನ್ನು ಮಣ್ಣಿಗೆ ಎರಡು ಅಂಗುಲ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ, ಒದ್ದೆಯಿದ್ದರೆ ನೀರೇ ಹೆಚ್ಚಾಗಿದೆ.

ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಬಿಡುವುದು ಈಗ ಮನೆಮನೆಯಲ್ಲೂ ಇದೆ. ನೀರು ಪೋಲಾಗಬಾರದೆಂಬ ಕಾಳಜಿ ಒಳ್ಳೆಯದೇ. ಆದರೆ ಕೊಳವೆಬಾವಿಯ ಗಡಸು ನೀರಿನ ಉಪ್ಪೆಲ್ಲ ಅದರಲ್ಲಿ ಒತ್ತಾಗಿ ಸೇರಿರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪದರ, ಎಲೆಯ ಅಂಚಿನಲ್ಲಿ ಕಂದು ಸುಟ್ಟ ಗೆರೆ ಕಂಡರೆ ಅದರದೇ ಫಲ. ಆ ನೀರು ಅಂಗಳ ತೊಳೆಯಲು ಇರಲಿ.

ಹಂತ 7: ಚಳಿಗಾಲದಲ್ಲಿ ಕೀಳದಿರುವುದು

ಇದನ್ನೂ ಒಂದು ಹಂತವೆಂದೇ ಎಣಿಸಬೇಕಾಗಿದೆ, ಅಷ್ಟು ಗಿಡಗಳು ಇಲ್ಲಿ ಸಾಯುತ್ತವೆ. ಇದು ಎಲೆ ಉದುರಿಸುವ ಗಿಡ. ಡಿಸೆಂಬರಿನಲ್ಲಿ ಎಲೆ ಕೆಂಪಗೆ, ಕಿತ್ತಳೆಯಾಗಿ ತಿರುಗಿ ಉದುರತೊಡಗುತ್ತದೆ. ಕೆಲವು ವರ್ಷ ಪೂರ್ತಿ ಬೋಳಾಗುತ್ತದೆ, ಕೆಲವು ವರ್ಷ ಅರ್ಧ. ಜನವರಿಯಲ್ಲಿ ಅದು ಒಣಕಡ್ಡಿಯ ಕಂತೆಯಂತೆ ಕಾಣುತ್ತದೆ.

ಕೀಳುವ ಮೊದಲು ಉಗುರಿನಿಂದ ಒಂದು ರೆಂಬೆಯ ತೊಗಟೆಯನ್ನು ಅಕ್ಕಿಕಾಳಿನಷ್ಟು ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವವಿದೆ. ತುದಿಯಲ್ಲಿ ಕಂದಾಗಿದ್ದರೆ ಕೆಳಕ್ಕೆ ಕೆರೆಯುತ್ತ ಬನ್ನಿ. ಬುಡದವರೆಗೂ ಒಣಗಿದ್ದರೂ ಏಪ್ರಿಲ್‌ವರೆಗೆ ಕಾಯಿರಿ, ಬೇರಿನಿಂದ ಚಿಗುರಬಹುದು. ಎಲೆಯಿಲ್ಲದ ಈ ಅವಧಿಯಲ್ಲಿ ನೀರು ಹದಿನೈದು ದಿನಕ್ಕೊಮ್ಮೆ ಸಾಕು, ಗೊಬ್ಬರ ಬೇಡ.

ಹಂತ 8: ಸವರುವುದು

ಹೂವಿನ ವಿಚಾರದಲ್ಲಿ ಬಿಸಿಲಿನ ನಂತರದ ಸ್ಥಾನ ಇದಕ್ಕೆ. ಹೊಸ ಚಿಗುರಿನ ತುದಿಯಲ್ಲಿ ಹೂ ಎಂದ ಮೇಲೆ, ಚಿಗುರು ಹೊರಡುವ ಮೊದಲು ಸವರಬೇಕು. ನಮ್ಮಲ್ಲಿ ಸಂಕ್ರಾಂತಿ ಕಳೆದ ಮೇಲೆ, ಫೆಬ್ರವರಿ ಮುಗಿಯುವುದರೊಳಗೆ. ಮೇ ತಿಂಗಳಲ್ಲಿ ಅಂಗಳ ಚೊಕ್ಕ ಮಾಡುವಾಗ ಕತ್ತರಿಸಿದರೆ ಆ ವರ್ಷದ ಮೊದಲ ಹೂವನ್ನೇ ಕತ್ತರಿಸಿದಂತೆ. ನೆಟ್ಟ ಮೊದಲ ಫೆಬ್ರವರಿಯಲ್ಲಿ ಒಣಗಿದ್ದನ್ನು ಬಿಟ್ಟು ಬೇರೇನೂ ತೆಗೆಯಬೇಡಿ.

ಕತ್ತರಿಯನ್ನು ಸ್ಪಿರಿಟ್ ಹಚ್ಚಿ ಒರೆಸಿ. ಮೊದಲು ಬುಡದ ಸುತ್ತ ಎದ್ದ ಸಣ್ಣ ಚಿಗುರುಗಳನ್ನು ನೆಲಮಟ್ಟಕ್ಕೆ ತೆಗೆಯಿರಿ. ಮರದ ಆಕಾರ ಬೇಕಾದವರು ಮೂರರಿಂದ ಐದು ಗಟ್ಟಿ ಕಾಂಡಗಳನ್ನಷ್ಟೇ ಉಳಿಸಿಕೊಳ್ಳಿ, ಪೊದೆ ಬೇಕಾದವರು ಇನ್ನಷ್ಟು ಬಿಡಬಹುದು. ಎರಡನೆಯದಾಗಿ ಒಣಗಿದ್ದು, ಮುರಿದದ್ದು, ಒಂದಕ್ಕೊಂದು ಉಜ್ಜುವಂಥದ್ದು. ಮೂರನೆಯದಾಗಿ ನಡುವಿಗೆ ನುಗ್ಗಿದ ರೆಂಬೆಗಳು. ಗಿಡದ ಹೊಟ್ಟೆಯೊಳಗೆ ಗಾಳಿ, ಬೆಳಕು ಆಡಬೇಕು. ಕೊನೆಯಲ್ಲಿ, ಕಳೆದ ವರ್ಷ ಹೂ ಬಿಟ್ಟು ಈಗ ಒಣಕಾಯಿ ಹೊತ್ತಿರುವ ತುದಿಗಳು. ಅವುಗಳನ್ನು ಎರಡು ಮೂರು ಗೆಣ್ಣು ಉಳಿಸಿ, ಹೊರಮುಖವಾಗಿರುವ ಕಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ. ಇಲ್ಲಿ ಅಳತೆಗೋಲು ಸೀಸದ ಕಡ್ಡಿ. ಅದಕ್ಕಿಂತ ತೆಳ್ಳಗಿನದಕ್ಕೆ ಕತ್ತರಿ, ಅದಕ್ಕಿಂತ ದಪ್ಪದ್ದಕ್ಕೆ ಕೈಹಾಕುವ ಮೊದಲು ಎರಡು ಸಲ ಯೋಚನೆ. ಐದಾರು ಕಡೆ ಕತ್ತರಿಸಿದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ನೋಡುತ್ತಿರಿ.

ದಾಳಿಂಬೆ, ದ್ರಾಕ್ಷಿಯ ಚಾಟನಿ (ಸವರುವ ಕೆಲಸ) ಮಾಡಿ ಅನುಭವವಿರುವ ಕೂಲಿಯವರನ್ನು ಕರೆಸಿದರೂ ಪಕ್ಕದಲ್ಲಿ ನೀವು ನಿಂತಿರಿ. ಎದೆಮಟ್ಟಕ್ಕೆ ಕಾಂಡಗಳ ತಲೆ ಕಡಿದುಬಿಡುವುದು ನಮ್ಮ ಬೀದಿಗಳಲ್ಲಿ ಸಾಮಾನ್ಯವಾಗಿದೆ. ಕಡಿದಲ್ಲಿ ಹತ್ತಾರು ಸಣಕಲು ಚಿಗುರು ಒಟ್ಟಿಗೆ ನುಗ್ಗುತ್ತವೆ, ಹೂವೂ ಬರುತ್ತದೆ, ಆದರೆ ಮಳೆ ಹೀರಿದ ಗೊಂಚಲಿನ ಭಾರ ತಾಳದೆ ಚಿಗುರುಗಳು ನೆಲಕ್ಕೆ ಬಾಗುತ್ತವೆ. ಪ್ರತಿ ವರ್ಷ ಅಲ್ಲೇ ಕಡಿದರೆ ಮುಷ್ಟಿಯಂಥ ಗಂಟು ಬೆಳೆದು ಆ ನುಣುಪು ಕಾಂಡದ ಅಂದವೆಲ್ಲ ಹೋಗುತ್ತದೆ. ಈಗಾಗಲೇ ಹಾಗೆ ಆಗಿದ್ದರೆ ದಾರಿಯಿದೆ: ಪ್ರತಿ ಗಂಟಿನಿಂದ ಹೊರಟ ಚಿಗುರುಗಳಲ್ಲಿ ಗಟ್ಟಿಯಾದ ಎರಡನ್ನು ಉಳಿಸಿ ಉಳಿದವನ್ನು ಬುಡದಲ್ಲೇ ತೆಗೆಯಿರಿ. ಮುಂದಿನ ಎರಡು ಮೂರು ಫೆಬ್ರವರಿಗಳಲ್ಲೂ ಹೀಗೇ ಮಾಡಿದರೆ ಆಕಾರ ಮರಳುತ್ತದೆ.

ಹೂಗಾಲದಲ್ಲಿ ಇನ್ನೊಂದು ಚಿಕ್ಕ ಕೆಲಸ. ಮೊದಲ ಗೊಂಚಲು ಬಾಡಿ, ಹಸಿರು ಕಾಯಿ ಕಟ್ಟುವ ಹೊತ್ತಿಗೆ ಗೊಂಚಲಿನ ಕೆಳಗೆ ಒಂದು ಜೊತೆ ಎಲೆ ಸೇರಿಸಿ ಕತ್ತರಿಸಿ. ಗೆಣ್ಣಿನಿಂದ ಹೊಸ ಚಿಗುರು ಹೊರಟು ನಾಲ್ಕರಿಂದ ಆರು ವಾರದಲ್ಲಿ ಮತ್ತೆ ಹೂ. ಕಾಯಿ ಬಲಿಯಲು ಬಿಟ್ಟರೆ ಗಿಡ ಬೀಜದ ಕಡೆ ತಿರುಗುತ್ತದೆ. ಸೆಪ್ಟೆಂಬರಿನ ನಂತರ ಇದನ್ನು ನಿಲ್ಲಿಸಿ. ಆಗ ಹೊರಡುವ ಎಳೆ ಚಿಗುರನ್ನು ಚಳಿ, ಇಬ್ಬನಿಯ ದಿನಗಳಲ್ಲಿ ಬೂದಿ ರೋಗ ಮುತ್ತಿಕೊಳ್ಳುತ್ತದೆ.

ಹಂತ 9: ಗೊಬ್ಬರ

ಸವರಿದ ಮೇಲೆ, ಫೆಬ್ರವರಿ ಕೊನೆಗೆ ಒಂದು ಬಾಂಡ್ಲಿ ಕೊಟ್ಟಿಗೆ ಗೊಬ್ಬರ. ಜೂನಿನಲ್ಲಿ ಇನ್ನೊಂದು ಬಾಂಡ್ಲಿ. ಎರಡು ವರ್ಷ ತುಂಬಿದ ಗಿಡಕ್ಕೆ ಬೇಕಿದ್ದರೆ ಆಗ 50 ಗ್ರಾಂ 17:17:17 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ರಸಗೊಬ್ಬರ) ಸೇರಿಸಿ, ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ವೃತ್ತವಾಗಿ ಹಾಕಿ, ನೀರು ಕೊಡಿ. ಅಷ್ಟೇ. ಹೂ ಬಂದಿಲ್ಲವೆಂದು ಯೂರಿಯಾ ಹಾಕುವುದು ಅತಿ ದೊಡ್ಡ ತಪ್ಪು. ಎಲೆ ಕಡುಹಸಿರಾಗಿ, ರೆಂಬೆ ಉದ್ದಕ್ಕೆ ಬೆಳೆದು, ಹೂ ಇನ್ನೂ ಹಿಂದೆ ಬೀಳುತ್ತದೆ. ಆ ಮೆತ್ತನೆಯ ಚಿಗುರಿಗೆ ಸಸ್ಯಹೇನೂ ಮುತ್ತುತ್ತದೆ. ಹುಲ್ಲುಹಾಸಿಗೆ ಹಾಕಿದ ಯೂರಿಯಾ ಪಕ್ಕದ ಗಿಡಕ್ಕೂ ಸಿಗುತ್ತದೆಂಬುದನ್ನು ಮರೆಯಬೇಡಿ.

ಹಂತ 10: ಎಲೆ ಹೇಳುವ ಎಚ್ಚರಿಕೆಗಳನ್ನು ಓದುವುದು

ವಾರಕ್ಕೊಮ್ಮೆ ಎಲೆಯ ಮೇಲ್ಭಾಗದಷ್ಟೇ ಅಡಿಯನ್ನೂ ನೋಡಿ.

ಎಳೆ ಎಲೆ, ಮೊಗ್ಗಿನ ಮೇಲೆ ಹಿಟ್ಟು ಚಿಮುಕಿಸಿದಂತೆ ಬಿಳುಪು, ಎಲೆ ಮುರುಟುವುದು: ಬೂದಿ ರೋಗ. ಮೊದಲು ಆ ತುದಿಗಳನ್ನು ಕತ್ತರಿಸಿ ಹೊರಹಾಕಿ. ಹಬ್ಬಿದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲು 32 ಡಿಗ್ರಿ ಮೀರಿದ ದಿನಗಳಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಬೇವಿನ ಎಣ್ಣೆ ಹೊಡೆದು ಎರಡು ವಾರ ಕಳೆಯದೆಯೂ ಗಂಧಕ ಹೊಡೆಯಬೇಡಿ.

ಎಲೆಯ ಮೇಲೆ ಮಸಿ ಬಳಿದಂತೆ ಕಪ್ಪು ಪದರ, ಮುಟ್ಟಿದರೆ ಅಂಟು: ಮೇಲಿನ ಎಲೆಗಳ ಅಡಿಯಲ್ಲಿ ಹೇನೋ ಹಿಟ್ಟು ತಿಗಣೆಯೋ ಕೂತಿದೆ, ಅವು ಸುರಿಸುವ ಸಿಹಿ ಅಂಟಿನ ಮೇಲೆ ಬೂಷ್ಟು ಬೆಳೆದಿದೆ. ಮಸಿ ಒರೆಸುವುದರಿಂದ ಪ್ರಯೋಜನವಿಲ್ಲ, ಕೀಟ ಹೋಗಬೇಕು. ಜೋರಾಗಿ ನೀರು ಹೊಡೆದರೆ ಅರ್ಧ ಹೋಗುತ್ತವೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ಕರಗಲು ತುಸು ಸೋಪಿನ ದ್ರಾವಣ, ವಾರ ಬಿಟ್ಟು ಎರಡು ಸಲ. ಇರುವೆಗಳು ಕಾಂಡದಲ್ಲಿ ಸಾಲುಗಟ್ಟಿದ್ದರೆ ಹೇನು ಇದೆಯೆಂಬ ಸೂಚನೆ. ಬೆಳಗಿನ ಹೊತ್ತು ಪರಾಗಕ್ಕೆ ಜೇನು ಬರುತ್ತದೆ, ಆದ್ದರಿಂದ ಏನೇ ಹೊಡೆದರೂ ಸಂಜೆಗೆ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಸಿಗುತ್ತಿಲ್ಲ. ಲೀಟರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೆ ಸಿಂಪಡಿಸಿದರೆ ತಾತ್ಕಾಲಿಕವಾಗಿ ಹಸಿರಾಗುತ್ತದೆ. ನೆಲಹಾಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ನಿಜವಾದ ಪರಿಹಾರ ವರ್ಷಾವರ್ಷ ಗೊಬ್ಬರ, ಹೊದಿಕೆ ಕೊಟ್ಟು ಮಣ್ಣು ತಿದ್ದುವುದು. ಹಳೆಯ ಕೆಳ ಎಲೆ ಹಳದಿಯಾದರೆ ಕಥೆ ಬೇರೆ, ಅದು ಹೆಚ್ಚಾಗಿ ನೀರು ನಿಂತಿರುವುದರ ಗುರುತು.

ಹಂತ 11: ಒಂದರಿಂದ ಹತ್ತು ಮಾಡುವುದು

ಬಣ್ಣ ಹಿಡಿಸಿದ ಗಿಡದಿಂದ ಕಡ್ಡಿ ನೆಟ್ಟೇ ಹೊಸ ಗಿಡ ಮಾಡಿ. ಫೆಬ್ರವರಿಯಲ್ಲಿ ಸವರಿದಾಗ ಬಿದ್ದ ಕಡ್ಡಿಗಳು ಎಸೆಯುವಂಥವಲ್ಲ. ಸೀಸದ ಕಡ್ಡಿಯ ದಪ್ಪದವನ್ನು ಆರಿಸಿ, ಆರು ಎಂಟು ಅಂಗುಲಕ್ಕೆ ಕತ್ತರಿಸಿ. ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ತಪ್ಪಾಗುವುದಿಲ್ಲ. ಬೇರು ಬರಿಸುವ ಪುಡಿ ಇದ್ದರೆ ಅದ್ದಿ, ಇಲ್ಲದಿದ್ದರೂ ಇದು ಬೇರು ಬಿಡುವ ಗಿಡವೇ. ಅರ್ಧ ಮರಳು, ಅರ್ಧ ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ಮೂರರಲ್ಲಿ ಎರಡು ಪಾಲು ಹೂತು, ನೆರಳಿನಲ್ಲಿಟ್ಟು, ತೇವ ಆರದಂತೆ ನೋಡಿಕೊಳ್ಳಿ.

ಎರಡೇ ವಾರದಲ್ಲಿ ಎಲೆ ಚಿಗುರುತ್ತದೆ. ಬೇರು ಬಂತೆಂದು ಹಿಗ್ಗಿ ಕಿತ್ತು ನೋಡುವುದು ಆಗಲೇ. ನೋಡಬೇಡಿ. ಆ ಎಲೆ ಕಡ್ಡಿಯೊಳಗೆ ಉಳಿದಿದ್ದ ಶಕ್ತಿಯಿಂದ ಬಂದದ್ದು. ಬೇರಿಗೆ ನಾಲ್ಕರಿಂದ ಎಂಟು ವಾರ ಬೇಕು. ಆರನೇ ವಾರದಲ್ಲಿ ಕಡ್ಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಕೂದಲೆಳೆಯಷ್ಟು ಮೇಲಕ್ಕೆತ್ತಿ ನೋಡಿ, ಒಳಗಿನಿಂದ ಹಿಡಿದೆಳೆದಂತೆ ಬಿಗಿಯಿದ್ದರೆ ಬೇರು ಬಂದಿದೆ. ಮಳೆಗಾಲದಲ್ಲಿ ಮಾಡುವವರು ಜೂನ್ ಜುಲೈನಲ್ಲಿ ಅರೆಬಲಿತ ರೆಂಬೆಯಿಂದ, ಮೇಲಿನ ಎರಡು ಎಲೆಯನ್ನಷ್ಟೇ ಅರ್ಧ ಕತ್ತರಿಸಿ ಉಳಿಸಿ, ಇದೇ ರೀತಿ ನೆಡಬಹುದು.

ಬೀಜದಿಂದ ಪ್ರಯತ್ನಿಸುವವರು ಡಿಸೆಂಬರಿನಲ್ಲಿ ಬಾಯಿ ಬಿಡುವ ಮುಂಚೆ ಕಂದು ಕಾಯಿಗಳನ್ನು ಕೊಯ್ದು ಕಾಗದದ ಚೀಲದಲ್ಲಿಡಿ. ಬಿತ್ತುವಾಗ ಮಣ್ಣಿನ ಮೇಲೆ ಉದುರಿಸಿ ಕೈಯಿಂದ ಒತ್ತಿದರೆ ಸಾಕು, ಆಳಕ್ಕೆ ಹೂಳಿದರೆ ಮೊಳೆಯುವುದು ಕಡಿಮೆ. ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಬಣ್ಣ ಯಾವುದೆಂದು ಅದು ಮೊದಲ ಹೂ ಬಿಟ್ಟ ದಿನವೇ ತಿಳಿಯುವುದು.

ಕಡ್ಡಿಯ ಗಿಡಗಳನ್ನು ಬೇರು ಬಂದ ವರ್ಷವೇ ನೆಲಕ್ಕೆ ಇಳಿಸಬೇಡಿ. ಒಂದು ಬೇಸಿಗೆ ಚೀಲದಲ್ಲಿ ಕಳೆದು, ಮುಂದಿನ ಮೃಗಶಿರ ಮಳೆಗೆ ನೆಲಕ್ಕೆ ಇಳಿಸಿ. ಅಷ್ಟರೊಳಗೆ ಗುಂಡಿ ತೆಗೆದಿಟ್ಟಿರಿ.